ಮಳೆಗಾಲದ ಮನೆಪಾಠ: ಮೂರು ಮಕ್ಕಳ ಜೊತೆ ಒಂದು ವಾರ ದಾಟಿಸುವುದು ಹೇಗೆ

ಹೋದ ಜುಲೈಯಲ್ಲಿ ಒಂದು ರಾತ್ರಿ, ಡಿಸಿಯವರು ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದಾರೆ ಅಂತ ಸುದ್ದಿ ಬಂತು. ದೊಡ್ಡವಳು ಕುಣಿಯುತ್ತಾ ಬಂದಳು. "ಅಮ್ಮಾ, ನಾಳೆ ನಮ್ಗೂ ರಜೆ!" ನಿನ್ನ ಶಾಲೆ ಇರುವುದು ನಮ್ಮ ಜಗಲಿಯಲ್ಲಿ, ಅಲ್ಲಿಗೆ ಬರಲು ಯಾವ ಹಳ್ಳ ದಾಟಬೇಕು ಮಾರಾಯ್ತಿ ಅಂದೆ. "ಹಾಗಾದ್ರೆ ನಮ್ಗೆ ರಜೆ ಕೊಡೋ ಡಿಸಿ ಯಾರು?" ಅಂದಳು. ಒಳಗಿಂದ ಅತ್ತೆ, "ನಾನು. ಕೊಟ್ಟಿದೀನಿ, ಹೋಗು" ಅಂದರು. ಮಾರನೇ ದಿನ ಪಾಠ ಆಗಲಿಲ್ಲ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸಿಗುವ ಒಂಟಿ ಮನೆ. ಎಂಟು ವರ್ಷದ ಮಗಳು, ಐದೂವರೆಯ ಮಗ, ಎರಡು ತುಂಬಿದ ಇನ್ನೊಬ್ಬ. ಶಾಲೆ ವ್ಯಾನು ಬೆಳಗ್ಗೆ ಏಳೂಕಾಲಿಗೆ ರಸ್ತೆಗೆ ಬರುತ್ತದೆ. ರಸ್ತೆ ಮುಟ್ಟಲು ಹಳ್ಳದ ಮೇಲಿನ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ದಾಟಬೇಕು. ಆಷಾಢದಲ್ಲಿ ಸಂಕದ ಮೇಲೇ ನೀರು. ಎಲ್‌ಕೆಜಿ, ಯುಕೆಜಿ ಎರಡು ವರ್ಷ ಹೀಗೇ ಒದ್ದಾಡಿದೆವು. ಆಮೇಲೆ ಮನೆಯಲ್ಲೇ ಕಲಿಸಲು ಶುರು ಮಾಡಿದೆವು. ಶಾಲೆ ಬೇಕಾ ಬೇಡವಾ ಅನ್ನುವ ಜಗಳವನ್ನು ಇಲ್ಲಿಗೆ ತರುವುದಿಲ್ಲ. ತೋಟ, ಕೊಟ್ಟಿಗೆ, ಅಡುಗೆ, ಮಕ್ಕಳು ಎಲ್ಲ ಒಟ್ಟಿಗೇ ಇರುವ ಮನೆಯಲ್ಲಿ ವಾರದ ಪಾಠ ಹೇಗೆ ಹೊಂದಿಸಬಹುದು ಅನ್ನುವುದಷ್ಟೇ ಇಲ್ಲಿನ ಮಾತು.

ಮೊದಲ ಹೆಜ್ಜೆ: ದಿನಕ್ಕೆ ಎರಡೇ ಗೂಟ

ಮೊದಲ ವರ್ಷ ನಾನೂ ಗೋಡೆಗೆ ಟೈಂಟೇಬಲ್ ಅಂಟಿಸಿದ್ದೆ. ಒಂಬತ್ತಕ್ಕೆ ಕನ್ನಡ, ಒಂಬತ್ತೂ ಮುಕ್ಕಾಲಿಗೆ ಗಣಿತ, ಸ್ಕೆಚ್ ಪೆನ್ನಲ್ಲಿ ಬಣ್ಣಬಣ್ಣವಾಗಿ. ಗೋಡೆಯ ತೇವಕ್ಕೆ ಬುಧವಾರದ ಹೊತ್ತಿಗೆ ಕಾಗದವೇ ಕಳಚಿ ಬಿತ್ತು. ಬಿದ್ದಿದ್ದೇ ಒಳ್ಳೆಯದಾಯಿತು.

ದನ ಕಟ್ಟುವ ಹಾಗೆ ಯೋಚಿಸಿ. ಗೂಟ ಗಟ್ಟಿ ಇರಬೇಕು, ಹಗ್ಗ ಉದ್ದ ಇರಬೇಕು. ಒಂದು ಗೂಟ ಬೆಳಗಿನ ತಿಂಡಿ ಆದ ಕೂಡಲೇ, ತಟ್ಟೆ ತೊಳೆಯುವ ಮೊದಲು: ಕೂತು ಮಾಡುವ ಪಾಠ. ಇನ್ನೊಂದು ಗೂಟ ರಾತ್ರಿ ಊಟ ಆದ ಮೇಲೆ: ಯಾರಾದರೂ ಒಬ್ಬರು ಗಟ್ಟಿಯಾಗಿ ಓದುವುದು. ನಡುವಿನ ಹೊತ್ತು ಮನೆಯದ್ದು. ತಟ್ಟೆ ತೊಳೆಯುವ ಮೊದಲು ಅಂತ ಬೇಕಂತಲೇ ಬರೆದಿದ್ದೇನೆ. ಒಂದು ಸಲ ಪಾತ್ರೆಗೆ ಕೈ ಹಾಕಿದರೆ ಆಮೇಲೆ ಬಟ್ಟೆ, ಆಮೇಲೆ ಹಿಂಡಿ ಕಲಸುವುದು, ತಲೆ ಎತ್ತಿದರೆ ಹನ್ನೊಂದು ಗಂಟೆ.

ಬೆಳಗಿನ ಪಾಠ ನಡುವಿನವನಿಗೆ 20 ನಿಮಿಷ, ದೊಡ್ಡವಳಿಗೆ 50 ನಿಮಿಷ. ಇಷ್ಟು ಸಾಕಾ ಅಂತ ನನ್ನ ತಂಗಿ ಇವತ್ತಿಗೂ ಕೇಳುತ್ತಾಳೆ. ಒಬ್ಬ ಮಗುವಿನ ಪಕ್ಕ ಒಬ್ಬ ದೊಡ್ಡವರು 20 ನಿಮಿಷ ಬೇರೆ ಏನೂ ಮಾಡದೆ ಕೂತು ನೋಡಿ, ಆಗ ಗೊತ್ತಾಗುತ್ತದೆ ಅದು ಎಷ್ಟು ಜಾಸ್ತಿ ಅಂತ. ಮೊಬೈಲ್ ಅಟ್ಟದ ಮೇಲಿರಲಿ. ನಿಮ್ಮದು.

ವಾರಕ್ಕೆ ಐದು ದಿನದ ಪಾಠ ಹಾಕಿಕೊಳ್ಳಬೇಡಿ. ನಾಲ್ಕು ದಿನದ್ದು ಹಾಕಿ. ಐದನೇ ದಿನವನ್ನು ಮನೆ ನುಂಗುತ್ತದೆ. ಯಾವ ದಿನ ಅಂತ ಮಾತ್ರ ಮೊದಲೇ ಹೇಳುವುದಿಲ್ಲ.

ಭಾನುವಾರ ಸಂಜೆ

ಅರ್ಧ ಗಂಟೆ ಸಾಕು. ಒಬ್ಬೊಬ್ಬರಿಗೆ ಒಂದು ಬುಟ್ಟಿ. ಅದರಲ್ಲಿ ಆ ವಾರದ ನಾಲ್ಕು ಪಾಠ, ಕೆತ್ತಿಟ್ಟ ಪೆನ್ಸಿಲ್, ಸ್ಲೇಟು, ಬಳಪ. ಬೆಳಗ್ಗೆ ಹುಡುಕಾಟ ಶುರುವಾದರೆ ಪಾಠದ ಹೊತ್ತು ಹುಡುಕಾಟಕ್ಕೇ ಹೋಗುತ್ತದೆ. ನಮ್ಮಲ್ಲಿ ಪೆನ್ಸಿಲ್ ಕೊನೆಗೆ ಸಿಗುವುದು ಯಾವಾಗಲೂ ಕಡಿಮಾಡಿನ ಸೌದೆ ರಾಶಿಯಲ್ಲಿ. ಯಾಕೆ ಅಂತ ಕೇಳಬೇಡಿ.

ಪಠ್ಯಪುಸ್ತಕಕ್ಕೆ ಖರ್ಚು ಬೇಕಾಗಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಯದ್ದೂ ಪುಕ್ಕಟೆ ಸಿಗುತ್ತದೆ. ಆದರೆ ಮಳೆ ಹಿಡಿದ ಮೇಲೆ ಡೌನ್‌ಲೋಡ್ ಮಾಡುತ್ತೇನೆ ಅಂದುಕೊಂಡರೆ ಸಿಗ್ನಲ್ಲಿಗಾಗಿ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಮೇ ತಿಂಗಳಲ್ಲೇ ಪೇಟೆಗೆ ಹೋದಾಗ ಇಳಿಸಿಕೊಂಡು, ಬೇಕಾದ ಪಾಠಗಳನ್ನು ಪ್ರಿಂಟ್ ಹಾಕಿಸಿ. ಹೊರಗಿಟ್ಟ ಪುಸ್ತಕಕ್ಕೆ ಹದಿನೈದು ದಿನದಲ್ಲಿ ಬೂಷ್ಟು. ತಗಡಿನ ಟ್ರಂಕು ಇದ್ದರೆ ಅದರೊಳಗೆ, ಇಲ್ಲದಿದ್ದರೆ ಬಚ್ಚಲ ಒಲೆಯ ಬಿಸಿ ತಾಗುವ ಗೋಡೆಯ ಕಪಾಟಿನಲ್ಲಿ ಇಡಿ.

ಹೊಸ ಕಥೆ ಪುಸ್ತಕ ಬೇಕಾದಾಗ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಮಕ್ಕಳಿಗೆ ಸದಸ್ಯತ್ವ ಉಚಿತ.

ಸೋಮವಾರ ಅಕ್ಷರದ ದಿನ

ಅ ಆ ಇ ಈ ಅಂತ ಸಾಲಾಗಿ ಹೋದರೆ ಮಗುವಿಗೆ ಒಂದು ಪದ ಓದಲು ತಿಂಗಳುಗಟ್ಟಲೆ ಕಾಯಬೇಕು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಇದಕ್ಕೆ ಒಳ್ಳೆ ದಾರಿ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂತು, ಅವರವರ ವೇಗದಲ್ಲಿ ಏಣಿ ಹತ್ತಿದ ಹಾಗೆ ಕಲಿಯುತ್ತಾರೆ. ಬೇರೆ ಬೇರೆ ವಯಸ್ಸಿನ ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಅದರ ಕ್ರಮದಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭ, ಎಲ್ಲ ದುಂಡಗೆ. ಈ ಐದು ಬಂದರೆ ಸರ, ದರ, ರಸ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ನಮ್ಮವನು ಗರಗಸ ಓದಿದ ದಿನ ಕೊಟ್ಟಿಗೆಗೆ ಓಡಿಹೋಗಿ ನಿಜವಾದ ಗರಗಸವನ್ನೇ ಹಿಡಿದು ತಂದ. ಅವತ್ತು ಪಾಠಕ್ಕಿಂತ ಅದನ್ನು ಅವನ ಕೈಯಿಂದ ಬಿಡಿಸಲು ಜಾಸ್ತಿ ಹೊತ್ತು ಹಿಡಿಯಿತು.

ಬರೆಸುವ ಕ್ರಮ ಹೀಗಿರಲಿ. ಮೊದಲು ತಟ್ಟೆಯಲ್ಲಿ ಅಕ್ಕಿತರಿ ಹರಡಿ ಬೆರಳಲ್ಲಿ. ಆಮೇಲೆ ಸ್ಲೇಟು. ಪೆನ್ಸಿಲ್ಲು ಕೊನೆಗೆ. ಐದೂವರೆ ವರ್ಷದ ಬೆರಳಿಗೆ ಪೆನ್ಸಿಲ್ ಹಿಡಿತ ಕಷ್ಟ, ಅದಕ್ಕೆ ಬೈದು ಉಪಯೋಗ ಇಲ್ಲ. ಒಂದು ಸಲ "ಇನ್ನು ಹಾಳೆ ಮೇಲೆ ಬರಿ" ಅಂದೆ. ಅಂಗಳಕ್ಕೆ ಹೋಗಿ ಒದ್ದೆ ಅಡಿಕೆ ಹಾಳೆ ಎಳೆದುಕೊಂಡು ಬಂದ. ತಪ್ಪು ಅವನದಲ್ಲ. ಒಲೆ ಬುಡದಲ್ಲಿ ಒಣಗಿಸಿ ಇದ್ದಿಲಲ್ಲಿ ಬರೆಸಿದೆ. ಚೆನ್ನಾಗಿಯೇ ಬಂತು.

ದೊಡ್ಡವಳಿಗೆ ಈಗ ಒತ್ತಕ್ಷರದ ಕಾಟ. ಕಾಪಿ ಬರೆಸುವ ಬದಲು ಅಡುಗೆಮನೆ ಡಬ್ಬಿಗಳಿಗೆ ಚೀಟಿ ಬರೆಯಲು ಕೊಡಿ: ಅಕ್ಕಿ, ಬೆಲ್ಲ, ಉಪ್ಪು, ಉದ್ದಿನಬೇಳೆ, ಕೊತ್ತಂಬರಿ, ಮೆಂತ್ಯ. ಅವಳು "ಮೆಂತೆ" ಅಂತ ಬರೆದಳು. ತಿದ್ದಲು ಹೋದೆ. "ನಾವೆಲ್ಲ ಮೆಂತೆ ಅಂತಲೇ ಅಲ್ವಾ ಹೇಳೋದು?" ಅಂತ ಅತ್ತೆ ಅವಳ ಪರ ನಿಂತರು. ಈಗ ಡಬ್ಬಿಯ ಒಂದು ಕಡೆ ಮೆಂತೆ, ಇನ್ನೊಂದು ಕಡೆ ಮೆಂತ್ಯ.

ಮಳೆಯ ಲೆಕ್ಕ: ದಿನಾ ಐದು ನಿಮಿಷ

ಮಲೆನಾಡಿನಲ್ಲಿ ಇದ್ದುಕೊಂಡು ಮಕ್ಕಳಿಗೆ ಮಳೆ ಅಳೆಯಲು ಕಲಿಸದಿದ್ದರೆ ಹೇಗೆ? ನಮ್ಮ ಮನೆಯ ಗಣಿತ ಅರ್ಧ ಇದರಲ್ಲೇ ಮುಗಿಯುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಮೈ ನೇರ ಇರುವಂಥದ್ದು, ಸೊಂಟ ಇರುವುದು ಬೇಡ. ಮೇಲಿನ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಒಳಗೆ ಕೂರಿಸಿ. ಅದೇ ಆಲಿಕೆ. ತಳ ಉಬ್ಬುತಗ್ಗಾಗಿರುತ್ತದೆ, ಹಾಗಾಗಿ ಸಣ್ಣ ಕಲ್ಲು ಹಾಕಿ ನೇರ ಭಾಗ ಶುರುವಾಗುವವರೆಗೆ ನೀರು ತುಂಬಿಸಿ. ಅಲ್ಲಿ ಗೆರೆ ಎಳೆದು ಸೊನ್ನೆ ಬರೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲಿನಲ್ಲಿ ಮಿಲಿಮೀಟರ್ ಗುರುತು. ಸೂರಿನ ನೀರು, ಮರದ ಹನಿ ಬೀಳದ ಬಯಲಲ್ಲಿ, ಮಗುಚದ ಹಾಗೆ ನಾಲ್ಕು ಕಲ್ಲಿನ ನಡುವೆ ಇಡಿ. ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ ಬರೆದು, ಮತ್ತೆ ಸೊನ್ನೆ ಗೆರೆಯವರೆಗೆ ಚೆಲ್ಲಬೇಕು. ಹವಾಮಾನ ಇಲಾಖೆಯವರು ದಿನದ ಮಳೆ ಬರೆದುಕೊಳ್ಳುವ ಹೊತ್ತೂ ಅದೇ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದೊಂದು ಮಕ್ಕಳಿಗೆ ಹಿಡಿಸಿದರೆ ಉಳಿದ ಲೆಕ್ಕ ತಾನಾಗಿ ಬರುತ್ತದೆ. ನಮ್ಮ ಕೊಟ್ಟಿಗೆಯ ಮಾಡು ನೀರು ಹಿಡಿಯುವ ಜಾಗ ಉದ್ದ 8 ಮೀಟರ್, ಅಗಲ 5 ಮೀಟರ್. ಒಂದು ದಿನ 60 ಮಿ.ಮೀ. ಬಿದ್ದಿತ್ತು. ಎಂಟೈದಲ ನಲವತ್ತು, ಅದಕ್ಕೆ ಅರವತ್ತರಿಂದ ಗುಣಿಸು. 2400 ಲೀಟರ್ ಅಂತ ಬಂದಾಗ ಮಗಳು ನಂಬಲಿಲ್ಲ. ನಮ್ಮ ಬಚ್ಚಲ ಹಂಡೆ 40 ಲೀಟರಿನದು, ಅದರಲ್ಲಿ 60 ಹಂಡೆ ಅಂದ ಮೇಲೆ ಬಾಗಿಲಿಗೆ ಹೋಗಿ ಮಾಡನ್ನೇ ನೋಡುತ್ತಾ ನಿಂತಳು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಅಂದರೆ 7 ಮೀಟರ್. ಹರಿಯದೆ ನಿಂತುಬಿಟ್ಟರೆ ನಮ್ಮ ಮನೆ ಸೂರು ಮುಳುಗುತ್ತದೆ.

ಮನೆಯಲ್ಲಿ ಹಳೇ ಡೈರಿ ಇದ್ದರೆ ತೆಗೆಯಿರಿ. ಈ ಕಡೆ ಎಷ್ಟೋ ಮನೆಯ ಅಜ್ಜಂದಿರು ಮಳೆ ಬರೆದಿಡುತ್ತಿದ್ದರು. ಇಂಚಿನಲ್ಲಿ, ಮಳೆ ನಕ್ಷತ್ರದ ಹೆಸರಿನ ಜೊತೆ. ನಮ್ಮನೆ ಡೈರಿಯಲ್ಲಿ ಒಂದು ಕಡೆ "ಪುನರ್ವಸು, 4.20" ಅಂತ ಇದೆ. ಒಂದು ಇಂಚು ಅಂದರೆ 25.4 ಮಿ.ಮೀ. ಮೊದಲು ಅಂದಾಜಿಗೆ 25ರಿಂದ ಗುಣಿಸಿಸಿದೆ, 105 ಬಂತು. ಆಮೇಲೆ ಸರಿಯಾಗಿ ಮಾಡಿದರೆ 107ರ ಹತ್ತಿರ. ದಶಾಂಶ ಬಿಂದು ಅಂದರೇನು ಅಂತ ಕಲಿಸಲು ಇದಕ್ಕಿಂತ ಒಳ್ಳೆ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಬಾಟಲಿಯನ್ನು ಎರಡು ವರ್ಷದವರ ಕೈಗೆ ಎಟುಕುವಲ್ಲಿ ಇಡಬೇಡಿ. ಒಂದು ಬೆಳಗ್ಗೆ 41 ಇರಬೇಕಾದ ಕಡೆ 58 ಇತ್ತು, ನೀರು ಬೆಳ್ಳಗಿತ್ತು. ಚಿಕ್ಕವನ ಕೈಯಲ್ಲಿ ಮಜ್ಜಿಗೆ ಲೋಟ ಖಾಲಿ. 41 ಅಂತ ನಮಗೆ ಗೊತ್ತಾಗಿದ್ದು ಅಕ್ಕ ಐದು ನಿಮಿಷ ಮೊದಲು ಕದ್ದು ನೋಡಿ ಬಂದಿದ್ದರಿಂದ.

ಹೊಳವಾದ ದಿನ

ನಾಲ್ಕು ದಿನ ಜಡಿಮಳೆ ಹುಯ್ದು ಒಂದು ಬೆಳಗ್ಗೆ ಮೋಡ ಸರಿದು ಹೊಳವಾಯಿತು ಅಂದರೆ ಅವತ್ತಿನ ಪಾಠ ಮುಗಿಯಿತು ಅಂತಲೇ ತಿಳಿಯಿರಿ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯುವವರು ಅವತ್ತೇ ಬರುತ್ತಾರೆ. ಒಲೆ ಮೇಲೆ ಹೊಗೆ ಹಿಡಿಯುತ್ತಿದ್ದ ಬಟ್ಟೆ ಅವತ್ತೇ ಹೊರಗೆ ಹೋಗಬೇಕು. ಹತ್ತು ಗಂಟೆಗೆ ಆರು ಜನರಿಗೆ ಕಾಫಿ, ರೊಟ್ಟಿ. ಇದೇ ಮನೆ ನುಂಗುವ ಐದನೇ ದಿನ.

ಇಂಥ ದಿನ ಪುಸ್ತಕ ಹಿಡಿಸಲು ಹೋಗಬೇಡಿ. ಕೆಲಸದಲ್ಲೇ ಒಂದು ಪ್ರಶ್ನೆ ಆರಿಸಿಕೊಳ್ಳಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 200 ಲೀಟರಿನ ಡ್ರಮ್ಮಿಗೆ ಎಷ್ಟು? ಮೂರು ಡ್ರಮ್ಮಿಗೆ? ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿಯುತ್ತಾರೆ, ಉಲ್ಟಾ ಅಲ್ಲ. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣದ ಕತ್ತಿಯನ್ನು ಅದ್ದಿ ಎತ್ತುತ್ತಾರೆ. ಕತ್ತಿಗೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಕೂತಿದ್ದು ಮೈಲುತುತ್ತದಲ್ಲಿರುವ ತಾಮ್ರ. ಮಗಳಿಗೆ ಆ ಕತ್ತಿ ಮಂತ್ರದ ಹಾಗೆ ಕಂಡಿತು.

ಇದನ್ನೆಲ್ಲ ಮಕ್ಕಳು ಜಗಲಿ ಮೇಲಿಂದ ನೋಡಬೇಕು. ಡ್ರಮ್ಮಿನ ಹತ್ತಿರ ಬೇಡ, ಔಷಧಿ ಹೊಡೆಯುವಾಗ ತೋಟಕ್ಕೆ ಬೇಡವೇ ಬೇಡ. ಅವತ್ತು ಬೆಳಗಿನ ಗೂಟ ಕಿತ್ತುಹೋದರೂ ರಾತ್ರಿಯದ್ದು ಉಳಿಸಿಕೊಳ್ಳಿ. ನಾನು ಓದುತ್ತಾ ಓದುತ್ತಾ ನಿದ್ದೆ ಹೋಗಿದ್ದೂ ಇದೆ. ಉಳಿದ ಅರ್ಧ ಪುಟವನ್ನು ಮಗಳು ಓದಿ ಮುಗಿಸಿದಳಂತೆ.

ಎರಡು ವರ್ಷದವನನ್ನು ಏನು ಮಾಡುವುದು

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಅವನಿಗೂ ಒಂದು ಬುಟ್ಟಿ ಕೊಡಿ. ನಮ್ಮವನದು ಆಲೂಗಡ್ಡೆ ಬುಟ್ಟಿ: ಒಂದರಿಂದ ಇನ್ನೊಂದಕ್ಕೆ ತುಂಬುವುದು, ಸುರಿಯುವುದು. ಅಡಿಕೆ, ಹುಣಸೆ ಬೀಜ, ಕಡ್ಲೆ ಬೇಡ, ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಗುತ್ತದೆ. ಆಲೂಗಡ್ಡೆ ಹತ್ತು ನಿಮಿಷ ನಡೆಯುತ್ತದೆ. ಆಮೇಲೆ ಅಜ್ಜಿ. ಅಜ್ಜಿ ಇಲ್ಲದ ಮನೆಯಲ್ಲಿ ಅವನು ಮಲಗುವ ಹೊತ್ತಿಗೆ ದೊಡ್ಡವಳ ಗಣಿತ ಇಟ್ಟುಕೊಳ್ಳಿ. ಆ ಹೊತ್ತಲ್ಲಿ ನಾನು ಬಟ್ಟೆಯನ್ನೂ ಒಗೆಯುತ್ತೇನೆ ಅಂತ ಆಸೆ ಪಡಬೇಡಿ.

ಮೂವರೂ ಒಟ್ಟಿಗೆ ಹಠ ಹಿಡಿದ ದಿನ ನನ್ನ ಹತ್ತಿರ ಒಂದೇ ಮದ್ದು: ಹಂಡೆಗೆ ಬೆಂಕಿ ಹಾಕಿ, ಹಾಡುಹಗಲೇ ಮೂವರಿಗೂ ಬಿಸಿನೀರು ಹುಯ್ಯುವುದು. ಅರ್ಧ ಗಂಟೆಯಲ್ಲಿ ಬೇರೆ ಮಕ್ಕಳಾಗಿರುತ್ತಾರೆ.

ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ, ಗೊತ್ತಲ್ಲ. ಪಾಠವನ್ನು ಮೊಬೈಲಿಗೆ ಕಟ್ಟಿಹಾಕಿದವರಿಗೆ ಆಗ ಕಷ್ಟ. ಸೆಲ್ ಹಾಕುವ ರೇಡಿಯೋ ಒಂದಿರಲಿ. ಆಕಾಶವಾಣಿ ಭದ್ರಾವತಿ ಕೇಳುತ್ತಾ ಕೂತರೆ ಮಕ್ಕಳಿಗೆ ಕಿವಿ ಕೊಟ್ಟು ಕೇಳುವ ಅಭ್ಯಾಸ ಆಗುತ್ತದೆ.

ತಿರುಗಾಟ: ನಿಮಗೆ ಹೇಗೂ ಹೋಗಬೇಕಾದ ದಿನ

ಮಕ್ಕಳಿಗಾಗಿಯೇ ಪ್ರವಾಸ ಅಂತ ಹೊರಟರೆ ಮಳೆಗಾಲದಲ್ಲಿ ಅದು ಆಗುವುದಿಲ್ಲ. ಬ್ಯಾಂಕಿಗೋ ಆಸ್ಪತ್ರೆಗೋ ಶಿವಮೊಗ್ಗಕ್ಕೆ ಹೋಗುವುದಿದೆಯಲ್ಲ, ಅದಕ್ಕೇ ಸೇರಿಸಿಕೊಳ್ಳಿ. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಸಿಗುತ್ತದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರುತ್ತವೆ. ರಸ್ತೆ ಬದಿಯಿಂದಲೇ ಕಾಣುತ್ತದೆ. ಶಿವಮೊಗ್ಗಕ್ಕೆ ಇನ್ನು 14 ಕಿ.ಮೀ. ಇದೆ ಅನ್ನುವಾಗ ಸಕ್ರೆಬೈಲು ಆನೆ ಬಿಡಾರ. ಅಲ್ಲಿಗೆ ಬೆಳಗ್ಗೆಯೇ ಮುಟ್ಟಬೇಕು. ಆನೆಗಳಿಗೆ ಸ್ನಾನ, ಊಟ ಆದ ಮೇಲೆ ಕಾಡಿಗೆ ಬಿಟ್ಟುಬಿಡುತ್ತಾರೆ.

ಒಂದು ತಿರುಗಾಟಕ್ಕೆ ಒಂದೇ ಕೆಲಸ ಕೊಡಿ. ಮಂಡಗದ್ದೆಯಲ್ಲಿ ಒಂದು ಮರ ಆರಿಸಿಕೊಂಡು ಅದರಲ್ಲಿರುವ ಗೂಡು ಮಾತ್ರ ಎಣಿಸುವುದು. ಸಕ್ರೆಬೈಲಿನಲ್ಲಿ ಆನೆ ಕಾಲಿನ ಉಗುರು ಎಣಿಸುವುದು, ಮುಂದೆ ಎಷ್ಟು, ಹಿಂದೆ ಎಷ್ಟು. ಎಲ್ಲ ನೋಡಿ ಅಂದರೆ ಮಕ್ಕಳು ಐಸ್‌ಕ್ರೀಮ್ ಗಾಡಿ ಮಾತ್ರ ನೋಡುತ್ತಾರೆ.

ಮನೆ ಹಿಂದಿನ ಕಾಡಿಗೆ ಹೋಗುವುದಾದರೆ ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ. ಉಪ್ಪಿನ ಗಂಟು ಜೇಬಿನಲ್ಲಿದ್ದರೆ ಮುಗಿಯಿತು, ಅದು ಸುಮ್ನೆ ಕಿರಿಕಿರಿ ಅಷ್ಟೇ. ನಿಜವಾಗಿ ಹೆದರಬೇಕಾದದ್ದು ಡಿಸೆಂಬರಿನಿಂದ ಮೇವರೆಗೆ. ಮಂಗನ ಕಾಯಿಲೆಯ ಕಾಲ ಅದು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡಿದ್ದು, ಉಣುಗಿನಿಂದ (ರಕ್ತ ಹೀರುವ ಉಣ್ಣೆ) ಬರುತ್ತದೆ. ಆ ತಿಂಗಳುಗಳಲ್ಲಿ ದರಗಿನ, ಅಂದರೆ ಉದುರಿದ ಒಣ ಎಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಕಾಡಿಗೆ ಹೋಗಲೇಬೇಕಾದ ದೊಡ್ಡವರು ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ನೆನೆಹಾಕಿ.

ಜೊತೆಗಾರರ ವಿಷಯ ಪೇಟೆಯವರಿಗಿಂತ ನಮಗೆ ಕಷ್ಟ. ಪಕ್ಕದ ಮನೆ ಅಂದರೆ ಅರ್ಧ ಮೈಲಿ. ಹಾಗಾಗಿ ವಾರಕ್ಕೆ ಎರಡು ಸಂಜೆ ಗೊತ್ತು ಮಾಡಿಕೊಳ್ಳಿ: ಒಂದು ಸಂಜೆ ಅವರ ಮಕ್ಕಳು ಇಲ್ಲಿಗೆ, ಒಂದು ಸಂಜೆ ನಮ್ಮವರು ಅಲ್ಲಿಗೆ. ಕಡುಬು ಮಾಡಿದರೆ ಹೇಳಿಕಳಿಸುವುದೇ ಬೇಡ, ತಾವೇ ಬರುತ್ತಾರೆ.

ಶನಿವಾರ, ಕಾಗದಪತ್ರದ ಜೊತೆ

ಮದುವೆ ಮನೆಯಲ್ಲಿ ಯಾರಾದರೂ "ಎಂತಕ್ಕೆ ಶಾಲೆಗೆ ಹಾಕ್ಲಿಲ್ಲ?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಕೊಡುತ್ತಾ ಕೂತರೆ ಪಾಯಸ ಆರುತ್ತದೆ. "ಸಂಕ ಗಟ್ಟಿ ಆಗ್ಲಿ, ನೋಡುವ" ಅಂದು ನಾನು ಎದ್ದುಬಿಡುತ್ತೇನೆ. ಆದರೆ ಕಾನೂನಿನ ಮಾತು ಗೊತ್ತಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಅನ್ನುತ್ತದೆ. ಮನೆಯಲ್ಲಿ ಕಲಿಸುವುದಕ್ಕೆ ಅದರಲ್ಲಿ ಬೇರೆ ನಿಯಮ ಬರೆದಿಲ್ಲ. ಅದೇ ಕಾಯ್ದೆಯ ಪ್ರಕಾರ ಶಾಲೆಯ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಾಗಾಗಿ ನಾಳೆ ನಿಮ್ಮ ಮನಸ್ಸು ಬದಲಾದರೂ ದಾರಿ ಇದೆ. ಪರೀಕ್ಷೆ ಬೇಕು ಅನ್ನುವವರಿಗೆ ಎನ್‌ಐಓಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ಅದರ ಎ, ಬಿ, ಸಿ ಹಂತಗಳು 3, 5, 8ನೇ ತರಗತಿಗೆ ಸಮ. ಹತ್ತನೇ ತರಗತಿ ಪರೀಕ್ಷೆಗೆ ಕೂರಲು ಮಗುವಿಗೆ 14 ತುಂಬಿರಬೇಕು. ಯಾವ ಮಾಧ್ಯಮದಲ್ಲಿ ಸಿಗುತ್ತದೆ ಅಂತ ಅಧ್ಯಯನ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ.

ಇದಕ್ಕೆಲ್ಲ ಶನಿವಾರದ ಹತ್ತು ನಿಮಿಷ. ಒಬ್ಬೊಬ್ಬರಿಗೆ ಒಂದು ಫೈಲು. ವಾರದಲ್ಲಿ ಅವರು ಬರೆದದ್ದರಲ್ಲಿ ಮೂರು ಹಾಳೆ ಆರಿಸಿ, ತಾರೀಖು ಹಾಕಿ ಸೇರಿಸಿ. ಚೆನ್ನಾಗಿರುವುದನ್ನೇ ಆರಿಸಬೇಡಿ, ಒಂದು ತಪ್ಪಿರುವುದೂ ಇರಲಿ. ಆರು ತಿಂಗಳ ಮೇಲೆ ಅದನ್ನು ನೋಡಿದರೆ ಮಗು ಎಲ್ಲಿಂದ ಎಲ್ಲಿಗೆ ಬಂತು ಅಂತ ಕಾಣುತ್ತದೆ. ಆ ವಾರದ ಮಳೆ ಪಟ್ಟಿಯೂ ಅದರಲ್ಲೇ. ನಮ್ಮಲ್ಲಿ ಇದು ಮಕ್ಕಳ ಅಪ್ಪನ ಕೆಲಸ. ಫೈಲು ಮುಚ್ಚಿ, ಮೂವರನ್ನೂ ಕರೆದುಕೊಂಡು ತೋಟದ ಉಜರುಗಾಲುವೆಯಲ್ಲಿ ಕಾಗದದ ದೋಣಿ ಬಿಡಲು ಹೋಗುತ್ತಾರೆ. ಆಗ ಮಾತ್ರ ಮನೆಯಲ್ಲಿ ಸದ್ದಿರುವುದಿಲ್ಲ. ನಾನು ಕಾಫಿ ಕುಡಿದು, ಭಾನುವಾರದ ಕಡುಬಿಗೆ ಅಕ್ಕಿತರಿ ತೆಗೆದಿಡುತ್ತೇನೆ. ತಟ್ಟೆಯಲ್ಲಿ ಬರೆಯಲು ಒಂದು ಹಿಡಿ ಬೇರೆ ಎತ್ತಿಡುವುದನ್ನು ಮರೆಯಬೇಡಿ.